ತಟ್ಟೆಯಲ್ಲಿ ಬಿಟ್ಟ ಅನ್ನ

ತೂಕ ಇಳಿಯಲೆಂದು ಹೊಟ್ಟೆಯ ಬಹುಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಕೊಳವೆ ಮಾಡಿ ಹೊಲಿದಿದ್ದೇವೆ ಎಂದು ಇಂದಿರಾನಗರದ ಆಸ್ಪತ್ರೆಯ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಚಿತ್ರ ಚೊಕ್ಕವಾಗಿತ್ತು. ಚಿತ್ರದಲ್ಲಿ ನೊರೆ ಇರಲಿಲ್ಲ. ಮನೆಗೆ ಬಂದ ಮೇಲೆ ನೀರನ್ನು ಒಂದು ಗುಟುಕು ಆತುರದಲ್ಲಿ ನುಂಗಿದರೂ ಎದೆಯ ನಡುವೆ ಏನೋ ಸಿಕ್ಕಿಕೊಂಡಂತಾಗಿ, ಬಾಯಿ ತುಂಬ ಬಿಳಿ ನೊರೆ ಬರುತ್ತಿತ್ತು. ವಾಂತಿ ಅನ್ನೋಣವೆಂದರೆ ಹೊಟ್ಟೆಯಲ್ಲಿ ಏನೂ ಇರುತ್ತಿರಲಿಲ್ಲ. ದಪ್ಪ ಲೋಳೆ ತುಟಿಯಿಂದ ಇಳಿದು, ತುಂಡಾಗದೆ, ನೈಟಿಯ ಎದೆಯ ಮೇಲೆ ಅಂಟಿಕೊಳ್ಳುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಒಂದು ಹಳೆಯ ಸ್ಟೀಲ್ ಚೊಂಬು ಇಟ್ಟುಕೊಂಡಿದ್ದೆ. ಅದನ್ನು ತೊಳೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಆಸ್ಪತ್ರೆಯ ಫೈಲಿನಲ್ಲಿದ್ದ ಕಾರಣಗಳು. ನನ್ನ ಕಾರಣ ಮಗಳು. ಹೈಸ್ಕೂಲಿನ ಯೂನಿಫಾರ್ಮ್ ಹೊಲಿಸಲು ಅವಳನ್ನು ಕರೆದುಕೊಂಡು ಹೋಗಿದ್ದಾಗ ಟೈಲರ್ ಅವಳ ಸೊಂಟಕ್ಕೆ ಟೇಪು ಸುತ್ತಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಟ್ಟೆ ಒಳಗೆ ಜಾಸ್ತಿ ಬಿಟ್ಟಿರ್ತೀನಿ ಮೇಡಂ, ಮಗು ನಿಮ್ ಥರಾನೇ ಬರುತ್ತೆ" ಅಂದಿದ್ದ. ಅವಳು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ನಿಂತಿದ್ದಳು. ನನ್ನ ಅವ್ವ ದಪ್ಪ, ಅವ್ವನ ಅವ್ವ ದಪ್ಪ, ನಾನು ಅವರಿಬ್ಬರನ್ನೂ ಮೀರಿಸಿದವಳು. ಇದು ನನ್ನಲ್ಲಿಗೇ ನಿಲ್ಲಬೇಕು, ಅವಳು ತೆಳ್ಳಗಾಗುವ ಅಮ್ಮನನ್ನು ಕಣ್ಣಾರೆ ನೋಡಿ ಬೆಳೆಯಬೇಕು ಎಂದು ನಾನು ಹೊಟ್ಟೆಯನ್ನು ಡಾಕ್ಟರರ ಕೈಗೆ ಒಪ್ಪಿಸಿದ್ದೆ.

ನೋಡಿಕೊಳ್ಳಲು ರಾಣೆಬೆನ್ನೂರಿನಿಂದ ಅವ್ವ ಬಂದಳು. ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದವಳಿಗೆ ಮಾಡುವ ಆರೈಕೆ ಅವಳಿಗೆ ಒಂದೇ ಗೊತ್ತು, ಅದು ಬಾಣಂತನ. ಬ್ಯಾಗಿನ ತುಂಬ ಅಂಟಿನ ಉಂಡೆ, ಒಣಕೊಬ್ಬರಿ, ಉತ್ತುತ್ತಿ, ಡಬ್ಬಿ ತುಂಬ ತುಪ್ಪ. ನನಗೆ ಆಗ ನಡೆಯುತ್ತಿದ್ದದ್ದು ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆ, ಪ್ರೋಟೀನ್ ಪುಡಿಯ ನೀರು. ಆ ಪುಡಿಯ ಡಬ್ಬಿಯ ಮೇಲೆ ವೆನಿಲ್ಲಾ ಎಂದು ಬರೆದಿತ್ತು. ಒದ್ದೆ ನಾಯಿಯ ಮೈಮೇಲೆ ಹಾಲು ಚೆಲ್ಲಿದರೆ ಎಂಥ ವಾಸನೆಯೋ ಅಂಥ ವಾಸನೆ. ಮೂಗು ಹಿಡಿದುಕೊಂಡು ಚಮಚದಲ್ಲಿ ಕುಡಿಯುತ್ತಿದ್ದೆ. ತೇಗು ಬಂದಾಗ ಅದೇ ವಾಸನೆ ಇನ್ನಷ್ಟು ಹುಳಿಯಾಗಿ ಮೇಲೆ ಬರುತ್ತಿತ್ತು.

"ಇಷ್ಟ ಕುಡದ್ರ ಹಾಲು ಹೆಂಗ ಇಳೀತಾವು" ಎಂದು ಅವ್ವ ಒಂದು ದಿನ ಮರೆತು ಅಂದಳು. ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. ನನಗೆ ನಗು ಬರಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು.

ಆಪರೇಷನ್ ಆದ ಮೇಲೆ ನನ್ನ ಮೂಗು ಎಂಥದಾಯಿತೆಂದರೆ, ನಾವಿರುವ ಇಡೀ ಕಾಕ್ಸ್‌ಟೌನು ನಾರುತ್ತಿತ್ತು. ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಹೆದರಿಸಿ ಕಳಿಸಿದ್ದರು. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಬೇಕರಿ ಇದೆ. ಸಂಜೆ ಅಲ್ಲಿ ಬನ್ನು ಹೊರಬರುವ ಹೊತ್ತಿಗೆ ಆಫೀಸಿನಿಂದ ಬರುವ ಹಾಗೆ ನಾನು ಬಸ್ಸು ಹಿಡಿಯುತ್ತಿದ್ದೆನೆಂದರೆ ನನ್ನ ಭಕ್ತಿ ತಿಳಿಯುತ್ತದೆ. ಈಗ ಆ ಬೇಕರಿಯಿಂದ ಬರುತ್ತಿದ್ದದ್ದು ಬನ್ನಿನ ಪರಿಮಳವಲ್ಲ, ಕಾದು ಕಾದು ಕಪ್ಪಾದ ಡಾಲ್ಡಾದ ಕಮಟು. ಸೆರಗಿನಿಂದ ಮೂಗು ಮುಚ್ಚಿಕೊಂಡು ಎದುರು ಬದಿಯಲ್ಲಿ ಹೋದರೆ ಅಲ್ಲಿ ಹಳೇ ಬಂಗಲೆ ಕೆಡವಿದ ಜಾಗದಲ್ಲಿ ಯಾರೋ ಉಚ್ಚೆ ಹೊಯ್ದಿರುತ್ತಿದ್ದರು. ಎರಡು ನಾತಗಳ ನಡುವೆ, ರಸ್ತೆಯ ಮಧ್ಯದಲ್ಲಿ, ಸ್ಕೂಟರಿನವರ ಬೈಗುಳ ತಿನ್ನುತ್ತ ನಡೆಯುತ್ತಿದ್ದೆ.

ಕೆಳಗಿನ ಮನೆಯಲ್ಲಿ ಒಬ್ಬರು ಆಂಟಿ ಇದ್ದಾರೆ. ಅವರ ಮನೆಯವರದು ಶಿವಾಜಿನಗರದಲ್ಲಿ ಹಣ್ಣಿನ ವ್ಯಾಪಾರ. ಒಂದು ಮಧ್ಯಾಹ್ನ ಅವರು ರಸೆಲ್ ಮಾರ್ಕೆಟ್ಟಿನಿಂದ ಕುರಿಯ ಕಾಲು ತರಿಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿ, ದೊಡ್ಡ ಬಟ್ಟಲಲ್ಲಿ ತಂದರು.

"ಖಾಲಿ ನೀರು ಇದು ಮಾ. ಥೋಡಾ ಥೋಡಾ ಕುಡೀರಿ, ತಾಖತ್ ಬರುತ್ತೆ."

ಅವರ ಎದುರಿಗೇ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನಾಲಗೆಯ ಮೇಲೆ ಜಿಡ್ಡು ಪೊರೆಗಟ್ಟಿತು, ಕುರಿಯ ಕೊಟ್ಟಿಗೆಯೇ ಮೂಗಿನೊಳಗೆ ಬಂದಂತಾಯಿತು. ಚೊಂಬು ಕೈಗೆ ಸಿಗುವಷ್ಟರಲ್ಲಿ ನೊರೆ ನೆಲದ ಮೇಲಿತ್ತು, ಸ್ವಲ್ಪ ಅವರ ಪಾದದ ಮೇಲೂ. ನಾನು ನಾಚಿಕೆಯಿಂದ ಸತ್ತೇ ಹೋದೆ. ಅವರು, "ಕುಚ್ ನೈ ಮಾ, ಕುಚ್ ನೈ" ಎನ್ನುತ್ತ ನನ್ನ ಬೆನ್ನು ಸವರಿದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿ, ತೊಳೆದು, ಬೋರಲು ಹಾಕಿತ್ತು. ಆ ವಾಸನೆ ತಪ್ಪಿತಲ್ಲ ಎಂದು ಸಮಾಧಾನವಾಯಿತೇ ಹೊರತು, ಅಷ್ಟೂ ರಸ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ.

ಇಲ್ಲಿ ನನ್ನ ಗಂಡನ ಊಟದ ವಿಷಯ ಹೇಳಬೇಕು. ಅವರು ಕೆ.ಆರ್. ಪುರದವರು, ಸಣಕಲು ಮನುಷ್ಯ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ ಎಂದು ಅವರ ಕಡೆಯವರಿಗೆ ಹೆಮ್ಮೆ. ತಟ್ಟೆ ತುಂಬ ಬಡಿಸಿಕೊಂಡು, ಫೋನು ನೋಡುತ್ತ ತಿಂದು, ಕೊನೆಗೆ ಒಂದು ಹಿಡಿ ಅನ್ನವನ್ನೋ ಅರ್ಧ ಚಪಾತಿಯನ್ನೋ ಬಿಟ್ಟು ಕೈತೊಳೆಯಲು ಏಳುವುದು ಅವರ ಅಭ್ಯಾಸ. ಅವರ ಅಪ್ಪನದೂ ಅದೇ ಅಭ್ಯಾಸವಾಗಿತ್ತು. ನಮ್ಮ ಅತ್ತೆ ಅದೇ ತಟ್ಟೆಗೆ ಬಡಿಸಿಕೊಂಡು ಉಣ್ಣುತ್ತಿದ್ದರು. ನಾನು ಅಷ್ಟೊಂದು ಪತಿವ್ರತೆಯಲ್ಲ. ಅಡುಗೆಮನೆಯಲ್ಲಿ ನಿಂತು, ಸಿಂಕಿಗೆ ಸೊಂಟ ಆನಿಸಿ, ಅವರು ಬಿಟ್ಟದ್ದನ್ನು, ಮಗಳು ಚಿಕ್ಕವಳಿದ್ದಾಗ ಅವಳು ಬಿಟ್ಟದ್ದನ್ನೂ, ಬಾಯಿಗೆ ಸುರಿದುಕೊಂಡು ತಟ್ಟೆ ತೊಳೆದುಬಿಡುತ್ತಿದ್ದೆ. ನನ್ನ ಊಟ ಆಮೇಲೆ ಬೇರೆ. ಆಸ್ಪತ್ರೆಯಲ್ಲಿ ಡಯಟಿಷಿಯನ್ ಹುಡುಗಿ ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ಇದು ನನ್ನ ಬಾಯಿಗೆ ಬರಲೇ ಇಲ್ಲ, ಏಕೆಂದರೆ ನಮ್ಮಲ್ಲಿ ಅದನ್ನು ಯಾರೂ ತಿನ್ನುವುದು ಅನ್ನುವುದಿಲ್ಲ. ಅನ್ನ ಹಾಳಾಗದ ಹಾಗೆ ನೋಡಿಕೊಳ್ಳುವುದು, ಅಷ್ಟೇ.

ಈಗ ನಾನು ಮಲಗಿಬಿಟ್ಟೆ. ಅವ್ವ ತಿನ್ನುವಂತಿಲ್ಲ. ಅಳಿಯನ ಎಂಜಲನ್ನು ಅತ್ತೆ ಮುಟ್ಟುವುದುಂಟೇ? ಊರಿನಲ್ಲಾದರೆ ಬಾಗಿಲಿಗೆ ಬರುವ ಹಸುವಿಗೆ ಇಡುತ್ತಿದ್ದಳು. ಇಲ್ಲಿ ಮೊದಲ ದಿನಗಳಲ್ಲಿ ತಟ್ಟೆ ಹಿಡಿದುಕೊಂಡು ಗೇಟಿನವರೆಗೆ ಇಳಿದು, ಬೀದಿಯ ಎರಡೂ ತುದಿ ನೋಡಿ, ವಾಪಸ್ ಬರುತ್ತಿದ್ದಳು. ಹಸಿ ಕಸದ ಬಕೆಟ್ಟಿಗೆ ಹಾಕು ಎಂದರೆ ಮುಖ ಸಿಂಡರಿಸುತ್ತಿದ್ದಳು.

"ಮೀನಿನ ಮುಳ್ಳು, ಕೊಳತ ಬಾಳಿಹಣ್ಣು, ಅದರ ಮ್ಯಾಲ ಅನ್ನ ಹಾಕೂದಾ? ನನ್ನ ಕೈಲೆ ಆಗೂದಿಲ್ಲವ್ವ."

ಕೆಲವು ದಿನಗಳಾದ ಮೇಲೆ ಅವ್ವ ಗೇಟಿಗೆ ಹೋಗುವುದು ನಿಂತಿತು. ಅಂತೂ ಬಕೆಟ್ಟಿಗೆ ಒಗ್ಗಿಕೊಂಡಳು ಎಂದುಕೊಂಡೆ. ಹೋಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮನೆಯವರ ಊಟದ ಹೊತ್ತಿಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು, ಬಾಗಿಲ ಸಂದಿಗೆ ಟವೆಲ್ ತುರುಕಿ ಕೂರುತ್ತಿದ್ದೆ. ಆದರೂ ಗಂಡ ನುಗ್ಗೇಕಾಯಿ ಚೀಪುವ ಸದ್ದು ಕೇಳುತ್ತಿತ್ತು. ಹಪ್ಪಳ ಮುರಿಯುವುದು, ಸಾರು ಸೊರ್ ಎಂದು ಹೀರುವುದು, ಬೆರಳು ನೆಕ್ಕುವುದು. ಇಷ್ಟು ವರ್ಷ ಈ ಮನುಷ್ಯನ ಪಕ್ಕದಲ್ಲಿ ಕೂತು ಹೇಗೆ ಉಂಡೆನೋ ಎನಿಸಿ, ದಿಂಬಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅವರನ್ನು ಕಂಡರೆ ನಿಜಕ್ಕೂ ಅಸಹ್ಯವಾಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ರುಬ್ಬಿದ್ದನ್ನು ತಿನ್ನಬಹುದು ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಒಂದು ಭಾನುವಾರ. ಮನೆಯವರಿಗೆ ಕೋಳಿ ಸಾರು, ನನಗೆ ಹೆಸರುಬೇಳೆ ನುಣ್ಣಗೆ ಅರೆದು ಮಾಡಿದ ಅಂಟಿನಂಥ ಗಂಜಿ. ನನ್ನ ಬಟ್ಟಲು ಕೋಣೆಗೆ ಬಂತು. ಮೂರು ಚಮಚ ಹೋಯಿತು. ನಾಲ್ಕನೆಯದು ಗಂಟಲಲ್ಲಿ ನಿಂತಿತು, ಅದನ್ನು ಹಾಗೆಯೇ ಬಟ್ಟಲಿಗೆ ಉಗಿದೆ. ಮಗಳು ಬಂದು ಬಟ್ಟಲು ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೊರೆ ಬರುವಂತಾಯಿತು. ಚೊಂಬನ್ನು ಅವ್ವ ಆಗಷ್ಟೇ ತೊಳೆಯಲು ಬಚ್ಚಲಿಗೆ ಒಯ್ದಿದ್ದಳು. ಬಾಯಿಗೆ ಕೈ ಒತ್ತಿಕೊಂಡು ಅಡುಗೆಮನೆಯ ಸಿಂಕಿನ ಕಡೆ ಓಡಿದೆ.

ಸಿಂಕಿಗೆ ಸೊಂಟ ಆನಿಸಿ ಮಗಳು ನಿಂತಿದ್ದಳು. ನನ್ನ ಬಟ್ಟಲು ಖಾಲಿಯಾಗಿ ಪಕ್ಕದಲ್ಲಿತ್ತು. ಎಡಗೈಯಲ್ಲಿ ಅವರಪ್ಪನ ತಟ್ಟೆ. ಚೀಪಿದ ಮೂಳೆಗಳನ್ನು ಒಂದು ಬದಿಗೆ ಸರಿಸಿ, ಸಾರಿನಲ್ಲಿ ನೆನೆದ ಅನ್ನವನ್ನು ಬೇಗ ಬೇಗ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಣ್ಣು ಕಿಟಕಿಯ ಹೊರಗಿತ್ತು. ರುಚಿ ನೋಡುತ್ತಿರಲಿಲ್ಲ, ಅಗಿಯುತ್ತಲೂ ಇರಲಿಲ್ಲ, ಕೆಲಸ ಮುಗಿಸುತ್ತಿದ್ದಳು. ಅಷ್ಟು ವಾರಗಳಲ್ಲಿ ಅಸಹ್ಯ, ಹೇಸಿಗೆ, ವಾಕರಿಕೆ ಎಂದು ನಾನು ಬಳಸಿದ ಮಾತುಗಳೆಲ್ಲ ಸುಳ್ಳು ಎನಿಸಿತು. ಅದನ್ನು ನೋಡಿ ನನಗೆ ಆದ ಹೇಸಿಗೆಯೇ ಹೇಸಿಗೆ.

ತಟ್ಟೆ ಕಿತ್ತುಕೊಂಡು, ಅನ್ನ ಮೂಳೆ ಎಲ್ಲ ಸೇರಿಸಿ ಬಕೆಟ್ಟಿಗೆ ಕೊಡವಿದೆ. ಹಿಂದಿನಿಂದ ಅವ್ವ ಬಂದಳು.

"ಏನ ಮಾಡಿದಿ ಅದು? ಅನ್ನ ಐತಿ, ಕಸ ಅಲ್ಲ."

"ಅಕಿ ಹೊಟ್ಟಿನೂ ಬಕೆಟ್ ಅಲ್ಲ ಅವ್ವ. ನಾ ಉಗುಳಿದ್ದ ಇತ್ತು ಆ ಬಟ್ಟಲದಾಗ."

"ತಾಯಿದು ಮಕ್ಕಳಿಗೆ ಎಂಜಲ ಏನ? ಬೆಳೆಯೂ ಹುಡುಗಿ, ಉಣ್ಣಲಿ ಅಂತ ನಾನ ಹೇಳಿದ್ದೆ" ಅಂದಳು ಅವ್ವ, ಏನೂ ಆಗದವಳಂತೆ. ಆ ಮಾತಿನಲ್ಲಿ ಕೇಡು ಇರಲಿಲ್ಲ. ಅವಳಿಗೂ ಅವಳ ಅವ್ವ ಹಾಗೇ ಹೇಳಿರಬೇಕು. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಮಗಳು ನಲ್ಲಿಯ ಕೆಳಗೆ ಬಾಯಿ ತೊಳೆದುಕೊಂಡಳು. ಹಸಿವಾಗಿತ್ತಾ ಪುಟ್ಟಾ, ಎಂದು ಕೇಳಿದೆ.

"ಇಲ್ಲಮ್ಮ, ಹೊಟ್ಟೆ ತುಂಬಿತ್ತು" ಅಂದಳು. "ಮೊದ್ಲು ನೀನ್ ತಿಂತಿದ್ದೆ. ಈಗ ನಿಂಗಾಗಲ್ಲ. ಅಜ್ಜಿ ಅಪ್ಪಂದು ತಿನ್ನಂಗಿಲ್ಲ. ಮತ್ತೆ ಇನ್ಯಾರ್ ತಿನ್ಬೇಕು?"

ಅವಳು ಅಳುತ್ತಿರಲಿಲ್ಲ, ದೂರುತ್ತಲೂ ಇರಲಿಲ್ಲ. ಲೆಕ್ಕದ ಹೋಮ್‌ವರ್ಕಿನಲ್ಲಿ ಏನೋ ಕೇಳುವ ದನಿಯಲ್ಲಿ ಕೇಳಿದಳು. ನಾನು ಸಿಂಕಿಗೆ ಬಾಗಿದೆ. ನೊರೆ ಬಂತು, ಬರುತ್ತಲೇ ಇತ್ತು. ಅವಳು ಹಿಂದಿನಿಂದ ನನ್ನ ಕೂದಲು ಹಿಡಿದುಕೊಂಡು ನಿಂತಿದ್ದಳು.

ಆ ರಾತ್ರಿ ಊಟಕ್ಕೆ ನಾನು ಬಾಗಿಲು ಹಾಕಿಕೊಳ್ಳಲಿಲ್ಲ. ಟೇಬಲ್ಲಿಗೆ ಬಂದು ಗಂಡನ ಎದುರು ಕುರ್ಚಿಯಲ್ಲಿ ಕೂತೆ. ಅವರು ಆಶ್ಚರ್ಯದಿಂದ ನೋಡಿ, "ವಾಸ್ನೆ ಆಗಲ್ವಾ ನಿಂಗೆ?" ಅಂದರು. ಆಗುತ್ತೆ ಅಂದೆ. ಮೂಗಿನಲ್ಲಿ ಉಸಿರಾಡದೆ, ಬಾಯಿ ತೆರೆದು ಕೂತಿದ್ದೆ. ಅವರು ಸಾರು ಹೀರಿದರು, ಬೆರಳು ನೆಕ್ಕಿದರು, ಫೋನು ನೋಡಿದರು. ಕೊನೆಗೆ ಒಂದು ಹಿಡಿ ಮೊಸರನ್ನವನ್ನು ತಟ್ಟೆಯ ಅಂಚಿಗೆ ತಳ್ಳಿ ಎದ್ದರು. ಮಗಳ ಕೈ ತಾನಾಗಿಯೇ ಆ ತಟ್ಟೆಯ ಕಡೆ ಹೋಯಿತು.

"ನೀನ್ ಬಿಡು" ಅಂದೆ. ಆಮೇಲೆ ಅವರಿಗೆ ಹೇಳಿದೆ, "ರೀ, ಇದನ್ನ ನೀವೇ ತಿನ್ನಿ. ಇಲ್ಲಾಂದ್ರೆ ನೀವೇ ಚೆಲ್ಲಿ."

"ನಂಗೆ ಹೊಟ್ಟೆ ತುಂಬಿದೆ ಕಣೇ."

"ಅವಳಿಗೂ ತುಂಬಿದೆ."

ಅವರಿಗೆ ಏನೂ ಅರ್ಥವಾಗಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ತಟ್ಟೆಯಲ್ಲಿ ತಾವು ಬಿಟ್ಟದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಆ ಮನುಷ್ಯ ಒಂದು ದಿನವೂ ಯೋಚಿಸಿದವರಲ್ಲ. ಅವ್ವ ನೀರಿನ ಲೋಟ ನೋಡುತ್ತ ಕೂತಿದ್ದಳು. ಅಳಿಯನ ಕೈಗೆ ಮುಸುರೆ ತಟ್ಟೆ ಕೊಡುವ ಮಗಳನ್ನು ಹೆತ್ತೆನಲ್ಲ ಎಂಬುದು ಅವಳ ಮುಖದಲ್ಲಿತ್ತು. ಕೊನೆಗೆ ಅವರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ಮುಚ್ಚಳ ತೆಗೆದ ಸದ್ದು.

"ಇದ್ರಲ್ಲಿ ಹಸಿ ಕಸದ್ದು ಯಾವ್ದು?" ಎಂದು ಒಳಗಿನಿಂದ ಕೇಳಿದರು.

ಮಗಳು ತೋರಿಸಲೆಂದು ಎದ್ದಳು. ನಾನು ಅವಳ ಮಣಿಕಟ್ಟು ಹಿಡಿದು ಕೂರಿಸಿದೆ.