ಬೋರ್ಡು ಹಾಕದ ಮನೆಗಳು, ಹೂವಿನ ಪುಟ್ಟತಾಯಮ್ಮ

ಕನಕಾಂಬರದ ದಂಡೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು, ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು, ಪುಟ್ಟತಾಯಮ್ಮ ದಾರ ಕತ್ತರಿಸುತ್ತಾರೆ. ಗೇಟಿಗೆ ತೂಗುಹಾಕಿದ ಚೀಲಕ್ಕೆ ಹೂವು ಹಾಕಿ ಮುಂದಿನ ಮನೆಗೆ ನಡೆಯುತ್ತಾರೆ. ತುಮಕೂರಿನ ಬಟವಾಡಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ದಿನಕ್ಕೆ ಅರವತ್ತೆರಡು ಮನೆ. ಈಗಷ್ಟೇ ಹದಿನೇಳು ಮುಗಿದಿವೆ.

ಹೂವು ಕೊಡುವುದು ಅವರ ಕಸುಬು. ಸದ್ದಿಲ್ಲದೆ ಮಾರಾಟಕ್ಕಿರುವ ಮನೆಗಳನ್ನು ಪತ್ತೆ ಮಾಡುವುದು ಹನ್ನೊಂದು ವರ್ಷಗಳಿಂದ ಅದಕ್ಕೆ ಅಂಟಿಕೊಂಡು ಬಂದ ಇನ್ನೊಂದು ಕೆಲಸ. "ಗೇಟ್‌ಗೆ ಬೋರ್ಡ್ ಹಾಕುದ್ರೆ ಸಂಸಾರ ಮುಳುಗೋಯ್ತು ಅಂತಾರೆ ಜನ. ಅದ್ಕೆ ಒಳಗೊಳಗೇ ಮಾರ್ತಾರೆ" ಎನ್ನುತ್ತಾರೆ. ಆದರೆ ಮನೆ ಬಿಡುವವರು ತಿಂಗಳ ಹೂವು ನಿಲ್ಲಿಸಲೇಬೇಕಲ್ಲ. ಗುಬ್ಬಿಯಲ್ಲಿ ತಂಗಿ, ಕುಣಿಗಲ್ಲಿನಲ್ಲಿ ನಾದಿನಿ ಇದೇ ಕಸುಬಿನವರು. ಅಲ್ಲಿನ ಸುದ್ದಿ ಫೋನಿನಲ್ಲಿ ಬರುತ್ತದೆ.

ಮೊದಮೊದಲು ಎಡವಿದ್ದೂ ಇದೆ. "ಮನೆ ಮಾರ್ತೀರಾ ಅಂತ ಬಾಯ್ಬುಟ್ಟು ಕೇಳ್ಬುಟ್ಟೆ. ಆರು ತಿಂಗ್ಳು ಆಯಮ್ಮ ನನ್ ಕೈಲಿ ಹೂವೇ ತಗೊಳ್ಳಿಲ್ಲ." ಈಗ ಮುಂದಿನ ತಿಂಗಳೂ ಹಾಕಲೇ ಎಂದಷ್ಟೇ ಕೇಳುತ್ತಾರೆ. ಉತ್ತರ ತಡವಾದರೆ ಅವರಿಗೆ ಗೊತ್ತಾಗುತ್ತದೆ.

ಹೀಗೆ ಮೂವತ್ತೊಂದು ಸಂಸಾರಗಳಿಗೆ ಸ್ವಂತ ಮನೆಯಾಗಿದೆ. ಬಿಲ್ಡರೊಬ್ಬ ಕಣ್ಣಿಟ್ಟಿದ್ದ ಮನೆಯನ್ನು ಹಿರೇಹಳ್ಳಿ ಕಾರ್ಖಾನೆಯ ಮಲ್ಲಿಕಾರ್ಜುನ್ ಒಂದು ದಿನ ಮೊದಲೇ ಮಾತಾಡಿ ಮುಗಿಸಿದ್ದು ಇವರಿಂದಲೇ. ಮೊದಲು ಹೇಳಿಟ್ಟವರಿಗೆ ಮೊದಲು ಸುದ್ದಿ, ಇದು ಪುಟ್ಟತಾಯಮ್ಮನ ನೇಮ. ಹೇಳಿಟ್ಟವರ ಆ ಸಾಲಿನಲ್ಲಿ ಅವರದೇ ಹೆಸರು ಮಾತ್ರ ಎಂದೂ ಇರಲಿಲ್ಲ. ಉಪ್ಪಾರಹಳ್ಳಿಯಲ್ಲಿ ಅವರಿರುವ ಬಾಡಿಗೆ ಮನೆಯನ್ನು ಕೆಡವುತ್ತಾರಂತೆ. ತಿಂಗಳೊಳಗೆ ಖಾಲಿ ಮಾಡಬೇಕು.

ಹದಿನೆಂಟನೆಯ ಗೇಟಿನಲ್ಲಿ ನಿವೃತ್ತ ಶಿಕ್ಷಕಿ ಸರ್ವಮಂಗಳ ಕಾಯುತ್ತಿದ್ದಾರೆ.

"ಮುಂದಿನ ತಿಂಗ್ಳಿಂದ ಹೂವು ಬೇಡ ಕಣೇ. ಮಗಳ ಹತ್ರ ಕುಣಿಗಲ್‌ಗೆ ಹೋಗ್ತಿದೀನಿ. ಈ ಹೆಂಚಿನ ಮನೇನ ಕೆಡವದೆ ಬಾಳೋವ್ರು ಸಿಕ್ಕಿದ್ರೆ ರೇಟ್ ಇಳಿಸಿ ಕೊಟ್ಬಿಡ್ತೀನಿ. ಯಾರಾದ್ರೂ ಇದಾರಾ?"

ಎರಡು ಕೋಣೆ, ಹಿತ್ತಲಲ್ಲಿ ಒಂದು ನಲ್ಲಿ. ಮನೆ ಸಿಕ್ಕವರು ಖುಷಿಯಿಂದ ಕೊಟ್ಟ ಹಣವೆಲ್ಲ ಸೊಸೈಟಿಯಲ್ಲಿದೆ. ಉಳಿದದ್ದಕ್ಕೆ ಮಹಿಳಾ ಸಂಘ ಸಾಲ ಕೊಡುತ್ತದೆ. ಪುಟ್ಟತಾಯಮ್ಮ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತಾರೆ.

"ಒಬ್ರು ಅವ್ರೆ ಅಕ್ಕ. ಭಾನುವಾರ ಕರ್ಕೊಂಡ್ ಬರ್ತೀನಿ."

"ಹೆಂಗೆ, ಒಳ್ಳೇವ್ರಾ?"

"ಬಾಯಿ ಸ್ವಲ್ಪ ಜೋರು. ಮನೆ ಮಾತ್ರ ಚೆಂದಾಗಿ ಇಟ್ಕೋತಾಳೆ."

ಈ ಮನೆ ತನಗೇ. ಭಾನುವಾರ ಒಬ್ಬಳೇ ಬರುವುದು. ಅಲ್ಲಿಯವರೆಗೆ ತಂಗಿಗೂ ಹೇಳುವುದಿಲ್ಲ.

ತಿರುವಿನಲ್ಲಿ ಗುರುಪ್ರಕಾಶ್ ಸ್ಕೂಟರ್ ನಿಲ್ಲಿಸುತ್ತಾರೆ. ಸಾಲಿನಲ್ಲಿ ಈಗ ಮೊದಲಿರುವವರು ಅವರೇ. ಎರಡು ಮನೆ ಬಾಡಿಗೆಗೆ ಬಿಟ್ಟು ಮೂರನೆಯದಕ್ಕೆ ಕಾಯುತ್ತಿದ್ದಾರೆ.

"ಏನಾದ್ರೂ ಇದ್ಯಾ, ಪುಟ್ತಾಯಮ್ಮ?"

"ಮಲ್ಲಿಗೆ ಐತೆ ಸಾರ್. ಕಟ್‌ಕೊಡ್ಲಾ?"