ಪಂಕಜಾಳ ಮನೆಯ ಎರಡನೆಯ ನಲ್ಲಿ

ಖಾರಘರದ ಆ ಕಟ್ಟಡದಲ್ಲಿ ಪಂಕಜಾಳ ಮನೆ ಯಾವುದೆಂದು ಲಿಫ್ಟಿನಿಂದ ಇಳಿದವರಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಹೊಸ್ತಿಲಿಗೆ ರಂಗೋಲಿ, ಬಾಗಿಲಿಗೆ ಮಾವಿನೆಲೆ, ತಿಂಗಳಿಗೊಮ್ಮೆ ಬಾರ್ಲಿ ಬೇಯುವ ವಾಸನೆ. "ಬೇಟಿಗೆ ಮಾಲ್ಟ್ ಮಾಡ್ತೀರಾ ಭಾಭಿ?" ಎಂದು ಎದುರು ಮನೆಯವರು ಕೇಳಿದಾಗ ಅವಳು ಮಗಳಿಗೇ ಎನ್ನುವಂತೆ ಹೂಂ ಎಂದುಬಿಟ್ಟಿದ್ದಳು. ಆ ಸಂಜೆ ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಉರಿಯಿತು.

ಅದು ಬಿಯರಿನ ಬಾರ್ಲಿ. ಬಿಯರನ್ನು ಮನೆಯೊಳಕ್ಕೆ ಕರೆದವಳೂ ಅವಳೇ.

ಮೈಸೂರಿನಿಂದ ಮದುವೆಯಾಗಿ ಅವಳು ಬಂದದ್ದು ಡೊಂಬಿವಲಿಯ ಒಂದು ಕೋಣೆಯ ಮನೆಗೆ. ಗಂಡ ಸೂರ್ಯನಾರಾಯಣನಿಗೆ ಬೇಲಾಪುರದಲ್ಲಿ ಫೈನಾನ್ಸ್ ಕಂಪನಿಯ ಕೆಲಸ. ಬೆಳಿಗ್ಗೆ ನೂಕುನುಗ್ಗಲಿನ ಲೋಕಲ್ ರೈಲು ಹಿಡಿದು ಹೋದರೆ ರಾತ್ರಿ ಬರುವಾಗ ಅಂಗಿಯ ಗುಂಡಿಗಳಲ್ಲಿ ಒಂದಾದರೂ ಕಿತ್ತಿರುತ್ತಿತ್ತು. ಗುಂಡಿ ಹೊಲಿಯುತ್ತ ಅವಳು ಮರಾಠಿ ಕಲಿತಳು, ಮಗಳು ಅಪೇಕ್ಷಾಳನ್ನು ಹೆತ್ತಳು, ಖಾರಘರದಲ್ಲಿ ಸ್ವಂತ ಮನೆಯಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಸ್ವಂತ ಮನೆಯೂ ಆಯಿತು. ದಾರಿ ಹತ್ತಿರವಾದದ್ದರಿಂದ ಉಳಿದ ಹೊತ್ತನ್ನು ಅವನು ವಾಶಿಯ ಬಾರುಗಳಲ್ಲಿ ಕಳೆಯತೊಡಗಿದ.

ಒಂದು ರಾತ್ರಿ ಅವನನ್ನು ಆಟೋದಲ್ಲಿ ತಂದು ಬಿಟ್ಟವರು ಕನ್ನಡ ಸಂಘದ ಕಮಲಾಕ್ಷ ಶೆಟ್ಟರು. ದೊಡ್ಡ ಮನುಷ್ಯರು. ಅವನನ್ನು ಸೋಫಾದ ಮೇಲೆ ಒರಗಿಸಿ, ಚಪ್ಪಲಿಯನ್ನೂ ತಾವೇ ಬಿಚ್ಚಿ, "ನಾನು ಯಾರ ಹತ್ತಿರವೂ ಹೇಳುವುದಿಲ್ಲಮ್ಮ, ನೀವು ಹೆದರಬೇಡಿ" ಎಂದು ಹೋದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಕರುಣೆ ಅವಳನ್ನು ಸುಟ್ಟುಬಿಟ್ಟಿತು. ಸಂಘದ ಭಜನೆಯಲ್ಲಿ ಶೆಟ್ಟರ ಹೆಂಡತಿಯ ಪಕ್ಕದಲ್ಲಿ ಇನ್ನು ಹೇಗೆ ಕೂರುವುದು?

ಮರುದಿನ ಕಾಫಿ ಕೊಡುತ್ತ ಅವಳು ಹೇಳಿದಳು: "ಕುಡೀಲೇಬೇಕು ಅಂದ್ರೆ ಮನೇಲೇ ಕುಡೀರಿ. ನಾಲ್ಕು ಜನದ ಕಣ್ಣಿಗೆ ಬೀಳಬೇಡಿ."

ಸೂರ್ಯನಾರಾಯಣ ಈ ಮಾತನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಇಂಟರ್‌ನೆಟ್ಟಿನಲ್ಲಿ ನೋಡಿ ಬಾರ್ಲಿ ಬೇಯಿಸಿ ಹುಳಿ ಬರಿಸುವುದನ್ನು ಕಲಿತ. ಮುಚ್ಚಿಹೋದ ಒಂದು ಬಾರಿನಿಂದ ಎರಡು ಉಕ್ಕಿನ ಪೀಪಾಯಿ, ನೊರೆಯೆಬ್ಬಿಸುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಒಂದು ಸಿಲಿಂಡರು ತಂದ. ಹಳೆಯ ಫ್ರಿಜ್ಜಿನ ಬಾಗಿಲಿಗೆ ತಾನೇ ತೂತು ಕೊರೆದು ನಲ್ಲಿ ಕೂರಿಸಿದ. ಸಿಲಿಂಡರಿನ ಗ್ಯಾಸು ಕೊಳವೆಯಲ್ಲಿ ಪೀಪಾಯಿಯೊಳಗೆ ಹೋಗಿ ಒತ್ತಿದರೆ ನಲ್ಲಿಯಿಂದ ನೊರೆಯ ಸಮೇತ ಬಿಯರು ಬರುತ್ತಿತ್ತು. ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ ಫ್ರಿಜ್ಜು, ಅದರ ಪಕ್ಕ ಒಂದು ಕುರ್ಚಿ. ಸುಳ್ಳೇಕೆ, ಮೊದಲ ವರ್ಷ ಪಂಕಜಾ ಸುಖವಾಗಿಯೇ ಇದ್ದಳು. ಗಂಡ ಸಂಜೆಯೇ ಮನೆಗೆ ಬರುತ್ತಿದ್ದ, ಮಗಳ ಗಣಿತ ನೋಡುತ್ತಿದ್ದ, ಗುರುಗಳ ವಾರವೆಂದು ಗುರುವಾರ ಮಾತ್ರ ಬಿಯರು ಮುಟ್ಟುತ್ತಿರಲಿಲ್ಲ.

ಆಮೇಲೆ ಗುರುವಾರವೂ ಹೋಯಿತು. ಎರಡು ಸಾವಿರದ ಹದಿನಾಲ್ಕರ ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾಯಿತು. ಡಾಕ್ಟರು ಅವನ ಮುಖ ಬಿಟ್ಟು ಅವಳ ಮುಖ ನೋಡಿ, ಇನ್ನು ಒಂದು ತೊಟ್ಟೂ ಕೂಡದು ಎಂದರು.

ಆಗ ಅವಳಿಗೆ ಹೊಳೆದದ್ದೇ ಸೋಡಾ. ಎರಡನೆಯ ಪೀಪಾಯಿ ಖಾಲಿಯೇ ಇತ್ತಲ್ಲ. ಅದಕ್ಕೂ ಒಂದು ಗ್ಯಾಸಿನ ಕೊಳವೆ ಎಳೆದು, ಇನ್ನೊಂದು ನಲ್ಲಿ ಇಟ್ಟರೆ ಮನೆಯಲ್ಲೇ ಸೋಡಾ ಬರುತ್ತದೆ. ನಿಂಬೆಹಣ್ಣು, ಸೈಂಧವ ಲವಣ ಹಾಕಿ ಅದೇ ಗ್ಲಾಸಿನಲ್ಲಿ ಕೊಟ್ಟರೆ ಕೈಗೂ ಬಾಯಿಗೂ ಕೆಲಸ ಸಿಕ್ಕಿ, ಬಿಯರಿನ ನಲ್ಲಿ ತಾನಾಗಿ ಮರೆತುಹೋದೀತು. "ಒಳ್ಳೇ ಐಡಿಯಾ ಕಣೇ" ಎಂದ ಸೂರ್ಯನಾರಾಯಣ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಉತ್ಸಾಹ ಕಂಡು ಅವಳಿಗೆ ಅಳುವೇ ಬಂತು. ಮೊದಲ ಕೊಳವೆಯನ್ನು ತಾನೇ ಜೋಡಿಸಿದ್ದವನಿಗೆ ಈಗ ಕೈ ನಡುಗಿ ನಟ್ಟು ಕೂರುತ್ತಿರಲಿಲ್ಲ. ಬಾರುಗಳಿಗೆ ಬಿಯರಿನ ಲೈನು ಹಾಕುವ ಲೋಕನಾಥನಿಗೆ ಅವನೇ ಫೋನು ಮಾಡಿದ.

ಘಣಸೋಲಿಯ ಲೋಕನಾಥ ಉಡುಪಿಯ ಕಡೆಯವನು, ಬಾಯಿ ಜೋರು. ಭಾನುವಾರ ಬೆಳಿಗ್ಗೆ ಬಂದವನೇ, "ಎಂತ ಅಕ್ಕ, ಇಷ್ಟು ಮಡಿಯ ಮನೆಯೊಳಗೆ ಬಾರ್ ಉಂಟು ಅಂತ ಕೆಳಗೆ ವಾಚ್‌ಮನ್‌ಗೂ ಗೊತ್ತಿಲ್ಲ ಮಾರಾಯ್ರೆ!" ಎಂದ.

"ಸ್ವಲ್ಪ ಮೆಲ್ಲಗೆ ಮಾತಾಡಪ್ಪ."

"ಆಯ್ತು, ಆಯ್ತು. ಕಾಫಿ ಕೊಟ್ರೆ ಬಾಯಿ ಮುಚ್ತೇನೆ."

ಪಂಕಜಾ ಎರಡನೆಯ ಪೀಪಾಯಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಫಿಲ್ಟರಿನ ನೀರು ತುಂಬಿಸಿ ಸಿದ್ಧವಾಗಿಟ್ಟಿದ್ದಳು. ಅವನು ಸಿಲಿಂಡರಿನಿಂದ ಬರುವ ಕೊಳವೆಯನ್ನು ಕತ್ತರಿಸಿ, ನಡುವೆ ಕವಲಿನ ಜಾಯಿಂಟ್ ಕೂರಿಸಿ, ಹೊಸ ಕೊಳವೆ ಎಳೆದ. ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ನೋಡಪ್ಪ, ಸೋಡಾ ಚೆನ್ನಾಗಿ ಚುರುಗುಟ್ಟಬೇಕು. ಸಪ್ಪೆಯಾದ್ರೆ ಅವ್ರಿಗೆ ಹಿಡಿಸಲ್ಲ."

ಲೋಕನಾಥ ತಲೆಯೆತ್ತಿದ. "ಯಾವ ಸೋಡಾ ಅಕ್ಕ?"

"ಇದೇ. ಈ ಎರಡನೇ ನಲ್ಲೀದು."

"ಸೋಡಾಕ್ಕಾದ್ರೆ ಪ್ರೆಶರ್ ತುಂಬಾ ಬೇಕಲ್ಲ? ಅದಕ್ಕೆ ಬೇರೆಯೇ ರೆಗ್ಯುಲೇಟರ್ ಇಡ್ಬೇಕು. ಇದರಲ್ಲಿ ಎರಡು ಕಡೆಗೂ ಒಂದೇ ಪ್ರೆಶರ್ ಹೋಗ್ತದೆ, ಬಿಯರಿನದ್ದು. ಸಾಹೇಬ್ರು ಫೋನಲ್ಲಿ ಕವಲು ಒಂದೇ ಸಾಕು ಅಂದ್ರಲ್ಲ. ಒಂದರಲ್ಲಿ ಕಪ್ಪು ಬಿಯರ್, ಒಂದರಲ್ಲಿ ಬಿಳಿ ಅಂತ."

ತಟ್ಟೆಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಡೆಗೆ ಫ್ರಿಜ್ಜಿನ ಮೇಲೆಯೇ ಇಟ್ಟಳು. "ಹಾಗಾದ್ರೆ ಆ ಬೇರೆ ರೆಗ್ಯುಲೇಟರೇ ತಂದು ಹಾಕು. ನಾನು ಹೇಳ್ತಿದೀನಿ."

"ಸಾಹೇಬ್ರೂ ಒಂದು ಮಾತು ಹೇಳಿದ್ರೆ ಈಗ್ಲೇ ಹಾಕ್ತೇನೆ. ಗಂಡ ಹೆಂಡ್ತಿ ನಡುವೆ ನನ್ನನ್ನು ನಿಲ್ಲಿಸ್ಬೇಡಿ, ನಿಮಗೆ ಪುಣ್ಯ ಬರ್ತದೆ."

ಸ್ನಾನ ಮುಗಿಸಿ ಸೂರ್ಯನಾರಾಯಣ ಹೊರಬಂದ. "ಏನೇ ಅದು ಪಂಚಾಯ್ತಿ?"

"ರೀ, ಸೋಡಾ ಅಂದ್ರಲ್ಲ?"

"ಸೋಡಾನೂ ಬರತ್ತೆ ಕಣೇ, ಆಮೇಲೆ. ಈ ಎರಡನೇದು ಬರೀ ಲೈಟ್ ಬಿಯರು. ಸೋಡಾಗೂ ಅದಕ್ಕೂ ವ್ಯತ್ಯಾಸಾನೇ ಇಲ್ಲ."

ಲೋಕನಾಥ ಫಕ್ಕನೆ ಬಂದ ನಗುವನ್ನು ಕೆಮ್ಮಿ ನುಂಗಿಕೊಂಡ.

"ಡಾಕ್ಟರು ಒಂದು ತೊಟ್ಟೂ ಬೇಡ ಅಂದ್ರು. ನಾನು ಪಕ್ಕದಲ್ಲೇ ಕೂತಿದ್ದೆ" ಎಂದಳು ಪಂಕಜಾ.

"ಡಾಕ್ಟರು ಹಾಗೇ ಅನ್ನೋದು. ಅದಕ್ಕೇ ಅವರಿಗೆ ಫೀಸು."

ಕೋಣೆಯೊಳಗಿನಿಂದ ಅಪೇಕ್ಷಾ ಕೂಗಿದಳು: "ಮಮ್ಮಾ, ಜಾನೇ ದೋ ನಾ. ಪಪ್ಪಾ ನಹೀ ಸುಧರೇಂಗೆ." ಹದಿನಾರರ ಹುಡುಗಿ ಬಿಟ್ಟುಬಿಡೆಂದು ಅಮ್ಮನಿಗೆ ಹೇಳಿ, ಅಪ್ಪ ಸುಧಾರಿಸುವವನಲ್ಲವೆಂದು ತೀರ್ಪು ಕೊಟ್ಟು, ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು.

"ನೋಡು, ಮಗಳಿಗೆ ಅರ್ಥವಾಗಿದೆ" ಎಂದು ಸೂರ್ಯನಾರಾಯಣ ನಕ್ಕ.

ಹೊರಗಿನವನೊಬ್ಬನ ಮುಂದೆ ಪಂಕಜಾಳಿಗೆ ಗಂಟಲೇರಿಸಲು ಆಗಲಿಲ್ಲ. ಲೋಕನಾಥನಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. ಅವನು ಹೋದ ಮೇಲೆ, ಅವಳು ತುಂಬಿಟ್ಟ ನೀರನ್ನು ಗಂಡ ಬಚ್ಚಲಿಗೆ ಸುರಿದ ಸದ್ದಾಯಿತು. ತುಂಬಬೇಕಾದ ಬಿಯರು ಮಂಚದ ಕೆಳಗಿನ ಬಕೆಟ್ಟಿನಲ್ಲಿ ಆಗಲೇ ತಯಾರಿತ್ತು. ಅದಕ್ಕೆ ಬಾರ್ಲಿ ಬೇಯಿಸಿದ ದಿನ ತಾನು ಗುರುಗಳ ಮಠಕ್ಕೆ ಹೋಗಿ ಇವನ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಿದ್ದೆನೆಂದು ಅವಳು ಲೆಕ್ಕ ಹಾಕಿಕೊಂಡಳು.

ಸಂಜೆ ದೀಪ ಹಚ್ಚಲು ಹೋದಾಗ ಬಾಲ್ಕನಿಯಿಂದ ಸುಯ್ಯೆಂಬ ಸಣ್ಣ ಸದ್ದು ಕೇಳಿಸಿತು. ಸೊಳ್ಳೆಗೆಂದು ಗಾಜುಗಳನ್ನೆಲ್ಲ ಎಳೆದುಕೊಂಡು ಸೂರ್ಯನಾರಾಯಣ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಅವಳು ಲೋಕನಾಥನಿಗೆ ಫೋನು ಮಾಡಿದಳು. ಅವನು ಲೋಕಲ್ ಗಾಡಿಯ ಗಲಾಟೆಯಲ್ಲಿ ಕೂಗಿ ಹೇಳಿದ: "ಜಾಯಿಂಟ್ ಸಡಿಲ ಆಗಿರ್ಬೇಕು ಅಕ್ಕ. ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆಗೀರಿ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡ್ರೆ ಉಸಿರು ಕಟ್ತದೆ, ವಾಸನೆ ಸಹ ಬರುವುದಿಲ್ಲ. ನಾಳೆ ಬಂದು ನೋಡ್ತೇನೆ."

ಅವಳು ಹಾಗೆಯೇ ಮಾಡಿದಳು. ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಗಂಡ ಎದ್ದು, ನಲ್ಲಿಯಲ್ಲಿ ಬಿಯರು ಬಾರದ್ದರಿಂದ ಸಿಲಿಂಡರು ತಿರುಗಿಸಿ ತೆರೆದು, ಕಿಟಕಿ ಎಳೆದುಕೊಂಡು ಮತ್ತೆ ಮಲಗಿದ್ದ. ಅವಳು ಮತ್ತೆ ಮುಚ್ಚಿದಳು. ಅವನು ಮತ್ತೆ ತೆರೆದ. ಬೇಡವೆಂದು ಕೈ ಹಿಡಿದುಕೊಂಡರೆ, "ಹಾಗಾದ್ರೆ ವಾಶಿಗೆ ಹೋಗ್ಲಾ?" ಎಂದು ಕೇಳಿದ, ಸಿಟ್ಟಿಲ್ಲದೆ, ನಿಜಕ್ಕೂ ಅವಳ ಅಭಿಪ್ರಾಯ ಕೇಳುವವನಂತೆ.

ಅವನು ಮೂರನೆಯ ಸಲ ನಿದ್ದೆಹೋದಾಗ ಅವಳು ಫ್ರಿಜ್ಜಿನ ಮುಂದೆ ಕುಳಿತಳು. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗ್ಯಾಸು ಎಲ್ಲಿ ಸೋರುತ್ತಿದೆಯೆಂದು ನೋಡಿದಳು. ಹೊಸ ಕೊಳವೆಯ ಬುಡದಲ್ಲಿ ಗುಳ್ಳೆಗಳೆದ್ದವು. ಇದನ್ನು ಹೀಗೇ ಬಿಟ್ಟು, ಕಿಟಕಿಯನ್ನೂ ಮುಚ್ಚಿ, ಒಳಗೆ ಹೋಗಿ ಮಲಗಿದರೆ? ಯೋಚನೆ ಬಂದದ್ದು ಒಂದು ಉಸಿರಿನಷ್ಟು ಹೊತ್ತು. ಅದು ತನ್ನದೇ ಯೋಚನೆಯೆಂದು ತಿಳಿದಾಗ ಅವಳು ತಿರುಗಿ ಗಂಡನ ಎದೆ ಏರಿಳಿಯುವುದನ್ನು ನೋಡಿದಳು. ಗುರುಗಳ ಹೆಸರು ಹೇಳಲು ಹೋದರೆ ನಾಲಿಗೆ ಏಳಲಿಲ್ಲ. ಬಿಗಿ ಮಾಡಿದರೆ ಅವನು ಕುಡಿದು ಸಾಯುತ್ತಾನೆ. ಮಾಡದಿದ್ದರೆ ಉಸಿರು ಕಟ್ಟಿ ಇಲ್ಲೇ ಹೋಗುತ್ತಾನೆ.

ಅವನ ಸ್ಪ್ಯಾನರ್ ತೆಗೆದುಕೊಂಡು, ಬಲವೆಲ್ಲ ಹಾಕಿ, ನಟ್ಟನ್ನು ತಿರುಗಿಸಿದಳು. ಗುಳ್ಳೆ ನಿಂತಿತು. ಸದ್ದೂ ನಿಂತಿತು.

ಸೂರ್ಯನಾರಾಯಣ ಕಣ್ಣು ಬಿಟ್ಟ. ನೆಲದ ಮೇಲೆ ಕುಳಿತಿದ್ದ ಹೆಂಡತಿಯನ್ನೂ, ಅವಳ ಕೈಯಲ್ಲಿದ್ದುದನ್ನೂ ನೋಡಿದ. "ಲೋಕನಾಥನಿಗಿಂತ ನೀನೇ ವಾಸಿ ಕಣೇ" ಎಂದು ಪ್ರೀತಿಯಿಂದಲೇ ಹೇಳಿ, ಖಾಲಿ ಗ್ಲಾಸು ಚಾಚಿದ.

ಅವಳು ಗ್ಲಾಸು ತೆಗೆದುಕೊಳ್ಳಲಿಲ್ಲ. ಅವನೇ ಎದ್ದು, ಎರಡನೆಯ ನಲ್ಲಿಗೆ ಕೈ ಹಾಕಿದ. ಬಿಯರು ಸರಾಗವಾಗಿ ಇಳಿಯಿತು. ಪಂಕಜಾ ಕಿಟಕಿಯ ಗಾಜನ್ನು ಒಂದು ಗೇಣು ಸರಿಸಿ, ಸ್ಪ್ಯಾನರನ್ನು ಒರೆಸಿ, ಅಡುಗೆಮನೆಯ ಡ್ರಾಯರಿನಲ್ಲಿ ಸೌಟುಗಳ ಪಕ್ಕ ಇಟ್ಟಳು. ನಟ್ಟು ಸಡಿಲವಾದಾಗಲೆಲ್ಲ ಇನ್ನು ಮೇಲೆ ಅದು ಕೈಗೆ ಸಿಗುವ ಹಾಗೆ ಇರಬೇಕು.