ಆರ್ಡ್ಯುಯಸ್ ಅಂದರೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದು ಹೋಗಿದ್ದೇನೆ. ಮೊನ್ನೆ ಕಲಬುರಗಿಯ ಮಾರುಕಟ್ಟೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು... ಇನ್ನು ಮುಂದೂಡಲಾಗಲಿಲ್ಲ.

ಕಮಲಾಪುರದ ಒಂದು ಕಚೇರಿಯಲ್ಲಿ ನಾನು ಜವಾನನಾಗಿದ್ದೆ. ಹತ್ತನೆಯ ತರಗತಿ ಪಾಸಾಗಿತ್ತು; ಗುಮಾಸ್ತನಾಗಲು ಇಲಾಖೆಯ ಪರೀಕ್ಷೆ ಬರೆಯಬೇಕಿತ್ತು. ಅದಕ್ಕೆ ಬೇಕಾದ ಇಂಗ್ಲಿಷ್ ಕಲಿಸಿದವರು ನಮ್ಮ ಹೆಡ್ ಕ್ಲಾರ್ಕ್. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಕಲಬುರಗಿಯ ಬ್ರಹ್ಮಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಊಟದ ಬಿಡುವಿನಲ್ಲಿ ನನಗೆ ದಿನಕ್ಕೊಂದು ಶಬ್ದ. ಆಮೇಲೆ ಒಂದು ಕೆಂಪು ಬಾಳೆಹಣ್ಣು ತಂದು, ಜಜ್ಜಿಹೋಗದ ಹಾಗೆ ಕರವಸ್ತ್ರದಲ್ಲಿ ಸುತ್ತಿ, ಖಾಲಿ ಬುತ್ತಿಡಬ್ಬಿಯಲ್ಲಿ ಇಡುತ್ತಿದ್ದರು. ಹಾಸಿಗೆ ಹಿಡಿದ ಹೆಂಡತಿಗೆ. “ಆಕಿಗೆ ಇದೊಂದೇ ಸಲೀಸಾಗಿ ನುಂಗಾಕ ಬರ್ತದ” ಎಂದು ನನಗೊಬ್ಬನಿಗೆ ಹೇಳಿದ್ದರು.

ಒಂದು ದಿನದ ಶಬ್ದ ‘ಆರ್ಡ್ಯುಯಸ್’.

“ಕಷ್ಟ ಅಂತ ಬರ್ಕೊಳ್ಲೇನ್ರಿ ಚಾಚಾ?”

“ಅಷ್ಟಕ್ಕ ಬಿಟ್ರ ಸಾಲಂಗಿಲ್ಲ ಬೇಟಾ. ಗಂಟು ಬಿಚ್ಚೋದೂ ಕಷ್ಟನ, ಬಿಚ್ಚಿದ್ರ ಮುಗೀತು. ಇದು ಏರು ಹತ್ತಿದಂಗ. ಮೈ ಸೋತ್ರೂ ನಿಂದ್ರಾಕ ಬರಂಗಿಲ್ಲ. ಕೆಲಸಕ್ಕ ಹೇಳು, ದಾರಿಗೆ ಹೇಳು. ಮನುಷ್ಯಾಗ ಹೇಳಬ್ಯಾಡ.”

“ನಮ್ಮ ಸಾಹೇಬ್ರಿಗೂ ಹೇಳಬಾರದೇನ್ರಿ?”

“ಸುಮ್ಮ ಕೂಡು, ನೌಕರಿ ಹೋದೀತು!” ಎಂದು ನಕ್ಕರು.

ಅದೇ ವಾರ ಕಲಬುರಗಿಗೆ ವರ್ಗ ಕೇಳಿ ಅರ್ಜಿ ಬರೆದರು. ಕಾರಣ, ದಿನದ ಪ್ರಯಾಣ ‘ಆರ್ಡ್ಯುಯಸ್’. ಹೆಂಡತಿಯ ಕಾಯಿಲೆಯ ಮಾತೇ ಇರಲಿಲ್ಲ. ಮನೆಯ ಹೆಂಗಸರ ಸುದ್ದಿ ಸರ್ಕಾರಿ ಕಾಗದದ ಮೇಲೆ ಬರಬಾರದು ಎನ್ನುವ ಮನುಷ್ಯ.

ಸಾಹೇಬರು ಓದಿ ನಕ್ಕರು. ಚಹಾ ಇಡುತ್ತಿದ್ದ ನನ್ನನ್ನೇ ಕೇಳಿದರು: “ಏನಪಾ, ಆ ಬಸ್ಸಿನ್ಯಾಗ ಅಂಥಾ ತ್ರಾಸ ಏನದ?”

ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ಚಾಚಾ ಹೋದರೆ ನನಗೆ ಪಾಠ ಹೇಳುವವರು ಯಾರು?

“ಏನಿಲ್ರಿ ಸಾಹೇಬ್ರ. ತಾಸಿನ ದಾರಿ. ಖಿಡಕಿ ಕಡೆ ಕುಂತ್ರ ನಿದ್ದಿ ಬರ್ತದ.”

ಸಾಹೇಬರು ಅರ್ಜಿಯ ಮೇಲೆ ಆಗದೆಂದು ಬರೆದರು. ತಿರುಗಿದರೆ ಬಾಗಿಲಲ್ಲಿ ಚಾಚಾ... ಮರುದಿನ ಊಟದ ಬಿಡುವಿನಲ್ಲಿ ಎಂದಿನ ದನಿಯಲ್ಲೇ, “ನೋಟ್‌ಬುಕ್ ತೆಗಿ ಬೇಟಾ” ಎಂದರು.

ಪರೀಕ್ಷೆ ಪಾಸಾದೆ. ಇಂದು ನಾನು ಉಣ್ಣುವ ಪಿಂಚಣಿಯ ಅನ್ನ ಅವರು ಕೊಟ್ಟದ್ದು. ಅದೇ ವರ್ಷ ಒಂದು ಮಧ್ಯಾಹ್ನ, ಅವರು ಕಮಲಾಪುರದಲ್ಲಿದ್ದಾಗಲೇ, ಹೆಂಡತಿ ತೀರಿಕೊಂಡ ಸುದ್ದಿ ಬಂತು. ಡಬ್ಬಿ ಮರೆತು ಓಡಿದರು. ನಾನೇ ಅದನ್ನು ತೆರೆದೆ... ಅದೇ ವಾಸನೆ.

ಅವರ ನಿವೃತ್ತಿಯ ದಿನ ಕೈ ಹಿಡಿದು, ತಪ್ಪಾಯಿತು ಎಂದು ಅತ್ತೆ. “ಜಾನೇ ದೋ ಬೇಟಾ” ಎಂದರು. ಈಗ ಅವರೂ ಇಲ್ಲ.

ಮೊನ್ನೆ ಒಂದೇ ಒಂದು ಹಣ್ಣು ಕೊಂಡು, ಕರವಸ್ತ್ರದಲ್ಲಿ ಸುತ್ತಿ ತಂದೆ. ನಾನು ಕ್ಷಮೆ ಕೇಳದೆ ಉಳಿದವರು ಚಾಚಾ ಅಲ್ಲ. ನಾನು ಮುಖವನ್ನೂ ನೋಡದವರು, ಬ್ರಹ್ಮಪುರದ ಕೋಣೆಯಲ್ಲಿ ಮಲಗಿ ದಿನವಿಡೀ ಸಂಜೆಯ ಬಸ್ಸಿಗೆ ಕಾಯುತ್ತಿದ್ದವರು, ನಮ್ಮ ಚಾಚಿ.